ಬೇಡ ಎನ್ನಲಾಗದ ನೀರು

ನೀವು ನಮ್ಮ ಮನೆಗೆ ಬಂದರೆ, ಬಂದೇ ಬರಬೇಕೆಂಬುದು ನನ್ನ ಒತ್ತಾಯ, ಕುಶಲಪ್ರಶ್ನೆಗಿಂತ ಮೊದಲು ನಿಮ್ಮ ಕೈಗೆ ಸಿಗುವುದು ಒಂದು ತುಂಡು ಬೆಲ್ಲ ಮತ್ತು ಒಂದು ಹಿತ್ತಾಳೆ ಚೊಂಬು. ಚೊಂಬಿನ ಮೂತಿ ಕೊಂಚ ಸೊಟ್ಟಗಿದೆ, ಹೊಟ್ಟೆಯ ಮೇಲೆ ಎಂದೋ ಬಿದ್ದು ನೆಗ್ಗಿದ ಗುರುತಿದೆ. ಅದು ನಮ್ಮ ಅತ್ತೆಯವರ ಕಾಲದ್ದು. ಮಿರ್ಲೆಯ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಬಿಸಿಲಿನಿಂದ ಬಂದವರಿಗೆ ನೀರು ಕೊಟ್ಟ ಮೇಲೆಯೇ ಮಾತು. ಕೊಟ್ಟ ನೀರನ್ನು ಬೇಡ ಎಂದವನು ಒಂದೋ ಜಗಳಕ್ಕೆ ಬಂದವನು, ಇಲ್ಲವೋ ಜಾತಿ ನೋಡುವವನು. ಅದಕ್ಕೆ ಮೂರನೆಯದೊಂದು ಅರ್ಥವೂ ಇರಬಹುದೆಂದು ತೊಂಬತ್ತರ ದಶಕದ ಕೊನೆಯವರೆಗೆ ನಮಗೆ ಗೊತ್ತಿರಲಿಲ್ಲ.

ನಮ್ಮ ಯಜಮಾನರು ಪಶು ಆಸ್ಪತ್ರೆಯ ಕಾಂಪೌಂಡರು. ಊರಿನವರ ಬಾಯಲ್ಲಿ ದನದ ಡಾಕ್ಟ್ರು. ನಾನು ಶಾಲೆಯ ಮೇಡಂ. ಮನೆಯಲ್ಲಿ ಮಾತು ನನ್ನ ಪಾಲು, ಮೌನ ಅವರ ಪಾಲು. ಮದುವೆಯಾದಂದು ಆದ ಈ ಹಂಚಿಕೆಗೆ ಇಬ್ಬರೂ ತಕರಾರು ತೆಗೆದಿಲ್ಲ. ಅವರು ಹುಡುಗನಾಗಿದ್ದಾಗ, ಗದ್ದೆ ಕೆಲಸಕ್ಕೆ ಬರುತ್ತಿದ್ದ ಕೇರಿಯ ಆಳುಗಳು ಜಗಲಿಯ ಕೆಳಗೆ ಬಗ್ಗಿ ನಿಂತು ಬೊಗಸೆಯೊಡ್ಡುವುದನ್ನೂ, ತಮ್ಮ ತಾಯಿ ಇದೇ ಚೊಂಬನ್ನೆತ್ತಿ ಎಲ್ಲಿಯೂ ತಾಗದ ಹಾಗೆ ಮೇಲಿನಿಂದ ನೀರು ಸುರಿಯುವುದನ್ನೂ ಕಂಡು ನಾಚಿಕೆಯಿಂದ ಒಳಗೆ ಓಡಿಹೋಗುತ್ತಿದ್ದರಂತೆ. ಕೆಲಸ ಸಿಕ್ಕಿದ ಮೇಲೆ ಆ ನಾಚಿಕೆಯನ್ನು ಅವರು ಒಂದು ವ್ರತವನ್ನಾಗಿ ಮಾಡಿಕೊಂಡರು. ಯಾರ ಮನೆಯ ದನ ನೋಡಲು ಹೋದರೂ, ಅದು ಕೇರಿಯಾಗಲಿ ಮುಸಲ್ಮಾನರ ಬೀದಿಯಾಗಲಿ, ತಾವೇ ಬಾಯಿಬಿಟ್ಟು ಕೇಳಿ ಒಂದು ಚೊಂಬು ನೀರು ಕುಡಿದು ಬರುತ್ತಿದ್ದರು. ಸಮಾನತೆಯ ಬಗ್ಗೆ ಅವರು ಎಂದೂ ಭಾಷಣ ಮಾಡಿದವರಲ್ಲ.

ಹೀಗಿರಲು ಅವರ ಕಾಲು ಬಾತುಕೊಂಡಿತು, ಹಸಿವು ಕುಂದಿತು. ಮೈಸೂರಿಗೆ ಕರೆದುಕೊಂಡು ಹೋದೆ. ಲಿವರು ಗಟ್ಟಿಯಾಗಿದೆ ಎಂದ ಡಾಕ್ಟರು ಮೆಲ್ಲಗೆ, "ಕುಡಿಯೋ ಅಭ್ಯಾಸ ಇದೆಯಾ?" ಎಂದು ಕೇಳಿದರು. ನನಗೆ ಉರಿದುಹೋಯಿತು. "ಇದೆ, ದಿನಾ ಮನೆಮನೇಲೂ ಕುಡೀತಾರೆ, ಬರೀ ನೀರು" ಎಂದೆ. ರಕ್ತ ಪರೀಕ್ಷೆ ಮಾಡಿಸಿದಾಗ, ಬಿ ಎಂಬ ಹೆಸರಿನ ಕಾಮಾಲೆಯ ವೈರಸ್ಸು ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಒಳಗೆ ಕೂತು ತಿಂದಿರುವುದು ಗೊತ್ತಾಯಿತು. ಆ ಡಾಕ್ಟರು ಬಲು ತಾಳ್ಮೆಯವರು. "ಮಾತ್ರೆ ತಗೊಂಡು ಪಥ್ಯದಲ್ಲಿದ್ದರೆ ಇದೇ ಲಿವರಲ್ಲಿ ಬಹಳ ಕಾಲ ನಡೆಸಬಹುದು ಕಣಮ್ಮ. ಆದರೆ ಇದರ ಮೇಲೆ ಇನ್ನೊಂದು ಕಾಮಾಲೆ ಬರಬಾರದು. ಗಟ್ಟಿಮುಟ್ಟಾಗಿರೋರು ಒಂದು ತಿಂಗಳು ಮಲಗಿ ಎದ್ದುಬಿಡ್ತಾರೆ, ಇವರು ಏಳದೇ ಇರಬಹುದು" ಎಂದರು. ನೀರಿನಿಂದ ಹರಡುವ ಕಾಮಾಲೆಗಳಲ್ಲಿ ಒಂದಕ್ಕೆ ಚುಚ್ಚುಮದ್ದಿತ್ತು; ಎಮ್ಮೆಗಳಿಗೆ ಗೇಣುದ್ದದ ಸೂಜಿ ಚುಚ್ಚುವ ನಮ್ಮ ವೀರರು ಕಣ್ಣು ಮುಚ್ಚಿ, ನನ್ನ ಕೈ ಹಿಡಿದುಕೊಂಡು ಅದನ್ನು ಹಾಕಿಸಿಕೊಂಡರು. ಇನ್ನೊಂದಕ್ಕೆ ಚುಚ್ಚುಮದ್ದು ಇರಲಿಲ್ಲ. ಎಲ್ಲಿಯೂ ಕುದಿಸದ ನೀರು ಕುಡಿಯಕೂಡದು, ಅದೇ ಮದ್ದು ಎಂದರು ಡಾಕ್ಟರು.

ಬರುವಾಗ ಒಂದು ಪ್ಲಾಸ್ಟಿಕ್ ಬಾಟಲಿ ಕೊಂಡು ತಂದೆ. ಮರುದಿನ ಕುದಿಸಿ ಆರಿಸಿದ ನೀರು ತುಂಬಿ ಸ್ಕೂಟರಿನ ಹ್ಯಾಂಡಲಿಗೆ ನೇತುಹಾಕಿ ಕಳಿಸಿದೆ. ಅಂದು ಅವರು ಹೋದದ್ದು ಕೇರಿಯ ಸಣ್ಣತಾಯಮ್ಮನ ಹಸು ನೋಡಲು. ಸಣ್ಣತಾಯಮ್ಮ ಎಂದರೆ ಒಂಟಿ ಹೆಂಗಸು, ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುವವಳು, ನಾಲಿಗೆಯಲ್ಲಿ ನನಗೆ ಸರಿಸಾಟಿ. ಎಂದಿನಂತೆ ಚೊಂಬು ಹಿಡಿದು ಹೊರಗೆ ಬಂದವಳು ಬಾಟಲಿಯನ್ನು ನೋಡಿದಳು, ಅವರ ಮುಖವನ್ನು ನೋಡಿದಳು, ಚೊಂಬನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟುಬಿಟ್ಟಳು. ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಸಂಜೆ ಬಂದು ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದರು.

ಮರುದಿನ ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು. ಅದನ್ನು ಹಿಡಿದು ಅವರ ಹಿಂದೆಯೇ ಬಾಗಿಲಿಗೆ ಹೋದೆ. "ಇಷ್ಟು ವರ್ಷ ಕುಡ್ದು, ಈಗ ರಿಟೈರ್ ಆಗೋ ವಯಸ್ನಲ್ಲಿ ಜಾತಿ ಇಡ್ಕೊಂಡ ಅನ್ನಿಸ್ಕೊಳ್ಳೋದಾ? ನನ್ ಕೈಲಾಗಲ್ಲ ಕಣೆ. ಕಾಮಾಲೆ ಬಂದ್ರೆ ಬರ್ಲಿ ಬುಡು" ಎಂದರು. ಅವರ ಜೀವನದಲ್ಲಿ ಅದೇ ಅತಿ ದೊಡ್ಡ ಭಾಷಣವಿರಬೇಕು. ಆವತ್ತು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕೊಟ್ಟು ಯೋಚಿಸುತ್ತ ಕೂತೆ. ನನಗೆ ಗಂಡ ಉಳಿಯಬೇಕಾಗಿತ್ತು. ನೀರಿನಲ್ಲಿರುವ ರೋಗಕ್ಕೆ ಹೆದರುವವನೂ ನೀರು ಕೊಟ್ಟ ಕೈಗೆ ಹೇಸುವವನೂ ಮಾಡುವುದು ಒಂದೇ, ಚೊಂಬನ್ನು ದೂರ ತಳ್ಳುವುದು. ನೋಡುವವರಿಗೆ ಎರಡರ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ತಲೆತಲಾಂತರದಿಂದ ಒಂದೇ ಕಾರಣಕ್ಕೆ ಬೇಡ ಅನ್ನಿಸಿಕೊಂಡವರು ಇನ್ನೊಂದು ಕಾರಣವಿದ್ದೀತೆಂದು ತಾವಾಗಿಯೇ ಊಹಿಸಿಕೊಳ್ಳಲಿ ಎನ್ನುವುದು ಯಾವ ನ್ಯಾಯ? ಹೇಳಬೇಕು. ಮೌನ ಅವರ ಪಾಲಾದರೆ ಮಾತು ನನ್ನ ಪಾಲಲ್ಲವೆ? ಶಾಲೆ ಬಿಡುವ ಗಂಟೆ ಹೊಡೆದದ್ದೇ ಕೇರಿಗೆ ನಡೆದೆ.

ಸಣ್ಣತಾಯಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು, ತಲೆಯೆತ್ತಲಿಲ್ಲ. ನಾನು ಜಗಲಿಯ ಮೇಲೆ ಕೂತು, ಬಾಯಾರಿಕೆ, ನೀರು ಕೊಡು ಎಂದೆ. ಕೊಟ್ಟಳು. ಗಟಗಟ ಕುಡಿದು, ಗಂಡನ ಲಿವರಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವಳ ಕೈಯ ಪೊರಕೆ ನಿಂತಿತು.

"ಅಂಗಂತ ಮೊದ್ಲೇ ಏಳ್ಬಾರ್ದಾ ಮೇಡಮ್ಮೋರೆ? ನಾವು ಏನೇನೋ ಅನ್ಕಂಡ್ಬುಟ್ಟೊ. ಬಾಟ್ಲಿ ನೋಡ್ತಿದ್ದಂಗೆ ನಂಗೆ ಒಟ್ಟೇಲಿ ಬೆಂಕಿ ಬಿದ್ದಂಗಾಯ್ತು ಕಣವ್ವ" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಈಗ ಕೇಳಿ. ನಿಮ್ಮನೆ ಬಾಟ್ಲಿ ನಮ್ಮ ಅಟ್ಟೀಗೆ ಬರಕೂಡ್ದು. ಒಲೆ ನಮ್ಮನೇಲೂ ಉರೀತದೆ. ನಾನೇ ನೀರ ಕೊತಕೊತ ಮಳ್ಳುಸಿ ಮುಚ್ಚಿ ಮಡಗಿರ್ತೀನಿ. ಬಂದ್ರೆ ನಮ್ಮನೇದೇ ಕುಡೀಬೇಕು, ಇಲ್ದಿದ್ರೆ ಅಸು ಮುಟ್ಟೋದು ಬ್ಯಾಡ" ಎಂದಳು.

ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ನೋಡಿಯೂ ನೋಡದವಳಂತೆ ಗುಡಿಸತೊಡಗಿದಳು.

ಬಾಟಲಿ ಅಂದಿನಿಂದ ಸೀಮೆಎಣ್ಣೆಗೆ ಮೀಸಲಾಯಿತು. ಸಣ್ಣತಾಯಮ್ಮನ ಬಾಯಿಗೆ ಬಿದ್ದ ಸುದ್ದಿ ಡಂಗುರಕ್ಕಿಂತ ಬೇಗ ಸುತ್ತಿತು. ದನವಿರುವ ಮನೆಗಳಲ್ಲೆಲ್ಲ ಒಂದು ಮುಚ್ಚಿಟ್ಟ ಪಾತ್ರೆ ಬಂತು, ಅದಕ್ಕೆ ಡಾಕ್ಟ್ರ ನೀರು ಎಂಬ ಹೆಸರು ಬಂತು. ಹೇಗೂ ಒಲೆ ಹಚ್ಚುತ್ತೇವೆ, ನಾಲ್ಕು ಚೊಂಬು ಹೆಚ್ಚಿಗೆ ಇಟ್ಟರೆ ನಾವೂ ಅದನ್ನೇ ಕುಡಿಯಬಹುದಲ್ಲ ಎಂದು ಕೆಲವರು, ಸೌದೆಯೇನು ಬಿಟ್ಟಿ ಬರುತ್ತದೆಯೇ ಎಂದು ಕೆಲವರು. ಮಾರನೆಯ ವರ್ಷ ಮಳೆಗಾಲಕ್ಕೆ ನಮ್ಮ ಕಡೆ ಕಾಮಾಲೆ ಬಂದೇ ಬಂತು. ದಿನಾ ಬೆಳಿಗ್ಗೆ ಅವರನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಅವರು ದನಗಳಿಗೆ ಮಾಡುವ ಹಾಗೆಯೇ ಕೆಳರೆಪ್ಪೆ ಎಳೆದು ನೋಡುತ್ತಿದ್ದೆ. ಕಣ್ಣು ಬೆಳ್ಳಗೇ ಇತ್ತು. ಅವರು ಆ ಮಳೆಗಾಲದಲ್ಲೂ ಎಲ್ಲ ಮನೆಗೂ ಹೋದರು, ಎಲ್ಲ ಮನೆಯಲ್ಲೂ ನೀರು ಕುಡಿದರು.

ಈಗ ಅವರು ರಿಟೈರಾಗಿದ್ದಾರೆ. ಲಿವರು ಹಾಗೇ ಇದೆ, ಮಾತ್ರೆ ಇದೆ, ನನ್ನ ಮಾತೂ ಇದೆ; ಮೂರರ ಜೊತೆಯಲ್ಲೂ ಅವರು ಚೆನ್ನಾಗಿಯೇ ಬಾಳುತ್ತಿದ್ದಾರೆ. ಮೊನ್ನೆ ಸಣ್ಣತಾಯಮ್ಮ ಹಸು ಕರು ಹಾಕಿದ ಸುದ್ದಿ ಹೊತ್ತು ಗಿಣ್ಣಿನ ಪಾತ್ರೆಯೊಡನೆ ಬಂದು, ನಡುಮನೆಯ ಕುರ್ಚಿಯಲ್ಲಿ ಉಸ್ಸೆಂದು ಕೂತಳು. ನಾನು ಬೆಲ್ಲ ಕೊಟ್ಟು ಚೊಂಬು ಚಾಚಿದೆ, ಅದೇ ಸೊಟ್ಟ ಮೂತಿಯ ಚೊಂಬು. ಅವಳ ಅವ್ವ ಇದರ ಕೆಳಗೆ ಬೊಗಸೆಯೊಡ್ಡಿ ನಿಂತವಳು. ಸಣ್ಣತಾಯಮ್ಮ ಚೊಂಬನ್ನು ಕೈಗೆ ತೆಗೆದುಕೊಂಡಳು, ಒಳಗೆ ಬಗ್ಗಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಮಳ್ಳುಸಿದ್ದು ತಾನೇ?"

ನಮ್ಮ ಯಜಮಾನರು ಜಗಲಿಯಿಂದ ದೊಡ್ಡದಾಗಿ ನಕ್ಕದ್ದು ಕೇಳಿಸಿತು. ಹೂಂ ಎಂದೆ. ಅವಳು ಸೊಟ್ಟ ಮೂತಿಗೆ ತುಟಿಯಿಟ್ಟು ತಳ ಕಾಣುವ ತನಕ ಕುಡಿದಳು.