ಕಾಕೂ ಹಾಕಿದ ರಂಗೋಲಿಯ ಬಣ್ಣ

ಹಳೆಯ ಟ್ರಾನ್ಸ್‌ಫಾರ್ಮರ್ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಕಾದ ಧೂಳಿನದು, ಜೊತೆಗೆ ಸ್ವಲ್ಪ ಅರಗಿನದು. ಬೀದರಿನ ನನ್ನ ವಿಡಿಯೊ ಅಂಗಡಿಯಲ್ಲಿ ಹೋದ ವಾರ ಆ ವಾಸನೆ ಎದ್ದಾಗ ನಾನು ಭಾಲ್ಕಿಯ ನಮ್ಮ ಓಣಿಗೆ ಹೋಗಿಬಿಟ್ಟೆ. ಬಾಜೂ ಮನೆಯ ಕಾಕೂ, ಅವರ ಚಾಪೆ, ಚಾಪೆಯ ಮೇಲೆ ಕಂಪ್ಯೂಟರ್...

ಕಂಪ್ಯೂಟರ್ ಎಂದರೆ ಈಗಿನಂಥದ್ದಲ್ಲ. ದಪ್ಪನೆಯ ಕೀಬೋರ್ಡ್ ಒಂದೇ, ಅದರೊಳಗೇ ಎಲ್ಲ. ವೈರನ್ನು ಮನೆಯ ಟೀವಿಗೆ ಸಿಕ್ಕಿಸಬೇಕು. ಕಾಕೂ ಅವರ ತಮ್ಮ ಗಲ್ಫಿನಲ್ಲಿದ್ದಾಗ ಯಾರೋ ಅಮೆರಿಕದವರಿಂದ ಕೊಂಡು ತಂದದ್ದು. ನಮ್ಮ ಕರೆಂಟನ್ನು ಅದಕ್ಕೆ ತಕ್ಕಂತೆ ಇಳಿಸಲು ಜೊತೆಗೊಂದು ಟ್ರಾನ್ಸ್‌ಫಾರ್ಮರ್. ತನಗೆ ಬೇಸರವಾದ ಮೇಲೆ ಅಕ್ಕನಿಗೆ ಕೊಟ್ಟುಬಿಟ್ಟಿದ್ದ.

ಕಾಕೂ ನಮಗೆ ರಕ್ತಸಂಬಂಧಿಯಲ್ಲ. ಓಣಿಯವರೆಲ್ಲ ಕಾಕೂ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಅವರ ಗಂಡ, ಕಾಕಾ, ಸಣ್ಣ ವಯಸ್ಸಿನಲ್ಲೇ ತೀರಿಹೋಗಿದ್ದರು. ಆಮೇಲೆ ಹಬ್ಬದ ದಿನ ಆ ಮನೆಯ ಅಂಗಳಕ್ಕೆ ಬಣ್ಣ ತುಂಬುತ್ತಿದ್ದವರು ಅವರ ನೆಗೆಣ್ಣಿ. ಸಂಕ್ರಮಣದ ಅರಿಶಿನ ಕುಂಕುಮಕ್ಕೂ ಕಾಕೂ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಓಣಿಯಲ್ಲಿ ಅವರಷ್ಟು ಚೆಂದ ರಂಗೋಲಿ ಹಾಕುವವರು ಇನ್ನೊಬ್ಬರಿರಲಿಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು. ಆ ಕೈ ಸುಮ್ಮನಿರಲಿಲ್ಲ. ಕಂಪ್ಯೂಟರಿನೊಳಗೆ ರಂಗೋಲಿ ಹಾಕತೊಡಗಿತು.

ಚೌಕುಳಿ ಹಾಳೆಯ ಮೇಲೆ ಮೊದಲು ಪೆನ್ಸಿಲಿನಿಂದ ಬಿಡಿಸುತ್ತಿದ್ದರು. ಯಾವ ಚೌಕಕ್ಕೆ ಯಾವ ಅಂಕಿ ಎಂದು ನಾನು ಓದಿ ಹೇಳಬೇಕು, ಅವರು ಒತ್ತಬೇಕು. ಪ್ರತಿ ಬಣ್ಣಕ್ಕೂ ಒಂದು ಅಂಕಿ, ಯಾವುದಕ್ಕೆ ಯಾವುದು ಎಂಬುದು ಕಾಕೂಗೆ ಮಾತ್ರ ಗೊತ್ತು. ಅವರ ಟೀವಿ ಕಪ್ಪು ಬಿಳುಪಿನದು, ನನಗೆ ಕಾಣುತ್ತಿದ್ದದ್ದು ಬೂದು ಬಣ್ಣದ, ನಡುಗುವ ಒಂದು ಚಿತ್ರ. ಆದರೂ ಹಿಗ್ಗುತ್ತಿದ್ದೆ. ಕಾಕೂ ನನ್ನವರು ಎಂದು ನನಗೆ ಗಟ್ಟಿ ನಂಬಿಕೆ ಇತ್ತು.

ಆ ನಂಬಿಕೆಗೆ ಮಣ್ಣು ಹಾಕಿದವಳು ಎದುರು ಮನೆಯ ಹುಡುಗಿ. ಅವರ ಮನೆಗೆ ಬಣ್ಣದ ಟೀವಿ ಬಂತು. ಕಾಕೂ ಕೀಬೋರ್ಡನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಓಣಿ ದಾಟಿ ಹೋದರು. ನಮಗೂ ಆ ಮನೆಗೂ ನಲ್ಲಿ ನೀರಿನ ಜಗಳ. ಅವರ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಎಂದು ಅವ್ವ ಹೇಳಿಟ್ಟಿದ್ದಳು. ನಾನು ನಮ್ಮ ಕಟ್ಟೆಯ ಮೇಲೆ ಕೂತು ಆ ಮುಚ್ಚಿದ ಬಾಗಿಲನ್ನು ನೋಡಿದೆ. ಒಳಗಿನಿಂದ ಅವರಿಬ್ಬರ ನಗು ಕೇಳುತ್ತಿತ್ತು.

ಮರುದಿನ ಸಾಲೆಯಲ್ಲಿ ಅವಳು ಬೇಕಂತಲೇ ನನ್ನ ಪಕ್ಕ ಬಂದು ಕೂತಳು. "ಏನ್ ಬಣ್ಣ ಅವಾ ತಾಯಿ! ನವಿಲ ಕುಣದಂಗ ಕಾಣ್ತದ. ನೀ ನೋಡಿಲ್ಲಲ್ಲ?"

ಅಂಕಿ ಓದಿದವಳು ನಾನು, ಬಣ್ಣ ನೋಡಿದವಳು ಅವಳು! ಮುಂದೆ ಅವಳು ಮದುವೆಯಾಗಿ ಔರಾದಿಗೆ ಹೋದಳು, ನಾನು ಬೀದರಿಗೆ ಬಂದೆ, ಮದುವೆ ಮುಂಜಿಗಳಲ್ಲಿ ಭೇಟಿಯಾಗಿ ನಗುತ್ತ ಮಾತಾಡಿದೆವು. ಆ ಹೊಟ್ಟೆಯುರಿ ಮಾತ್ರ ಹೋಗಲಿಲ್ಲ.

ಕಾಕೂ ಹೋದ ವರ್ಷ ತೀರಿಕೊಂಡರು. ಹೋದ ವಾರ ಅವರ ತಮ್ಮನ ಮಗ, ಅಟ್ಟ ಖಾಲಿ ಮಾಡುವಾಗ ಸಿಕ್ಕ ಡಬ್ಬಿಯನ್ನು ನನ್ನ ಅಂಗಡಿಗೆ ತಂದ. "ಅಕ್ಕಾ, ನಿಮ್ಮ ಕೆಲಸಕ್ಕ ಬರ್ತದೇನು ನೋಡ್ರಿ" ಎಂದು ಇಟ್ಟು ಹೋದ. ಒಳಗೆ ಕೀಬೋರ್ಡ್, ಟ್ರಾನ್ಸ್‌ಫಾರ್ಮರ್, ಟೇಪ್ ರೆಕಾರ್ಡರ್, ಹಾಡಿನ ಕ್ಯಾಸೆಟ್ಟಿನಂಥದ್ದೇ ಒಂದರಲ್ಲಿ ಕಾಕೂ ತುಂಬಿಟ್ಟ ರಂಗೋಲಿ. ಜನರ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದೇ ನನ್ನ ಉದ್ಯೋಗ. ಇದನ್ನೂ ಹಾಕುತ್ತೇನೆ, ಅವಳಿಗಿಂತ ಸ್ಪಷ್ಟವಾಗಿ ನೋಡುತ್ತೇನೆ ಎಂದು ಹಟ ಹಿಡಿದೆ.

ಕ್ಯಾಸೆಟ್ಟಿನ ರಂಗೋಲಿಯನ್ನು ಮಶೀನಿಗೆ ಏರಿಸಿ, ಚಿತ್ರವನ್ನು ಆಂಟೆನಾ ವೈರಿನಿಂದ ತೆಗೆದರೆ ಪರದೆಯ ತುಂಬ ಇರುವೆ ಹರಿದಾಡಿದಂತೆ ಚುಕ್ಕೆಗಳು. ಕೀಬೋರ್ಡಿನ ಹಿಂದಿದ್ದ ವಿಡಿಯೊ ತೂತಿಗೆ ನೇರ ಕೇಬಲ್ ಹಾಕಿದೆ, ಚುಕ್ಕೆ ಹೋದವು. ಬಣ್ಣ ಮಾತ್ರ ಇಲ್ಲ. ಕೇಬಲ್ ಬದಲಿಸಿದೆ, ಪಿನ್ನು ಉಜ್ಜಿದೆ, ಊಹುಂ. ಆಮೇಲೆ ಹೊಳೆಯಿತು. ನಮ್ಮ ಕಡೆಯ ಮದುವೆ ಕ್ಯಾಸೆಟ್ಟುಗಳೆಲ್ಲ ನಮ್ಮ ದೇಶದ ಟೀವಿ ಪದ್ಧತಿಯವು, ನನ್ನ ಸೆಟ್ಟಿಂಗ್ ಸದಾ ಅದಕ್ಕೇ ಇರುತ್ತದೆ. ಈ ಮಶೀನು ಅಮೆರಿಕದ್ದು, ಅಲ್ಲಿಯ ಪದ್ಧತಿಯೇ ಬೇರೆ. ಬದಲಿಸಿದೆ.

ರಂಗೋಲಿ ಝಗ್ಗೆಂದು ಬಣ್ಣ ತುಂಬಿಕೊಂಡು ನಿಂತಿತು. ಕೆಂಪು ಕಮಲ, ಸುತ್ತಲೂ ಹಸಿರು ಬಳ್ಳಿ, ಅಂಚಿಗೆ ಹಳದಿ. ಚೌಕ ಚೌಕವೂ ಕೊರೆದಿಟ್ಟಂತೆ ಕಾಣುತ್ತಿತ್ತು. ಅಳು ಬಂತು. ಕಾಕೂ ಇದನ್ನು ನೋಡಬೇಕಿತ್ತು...

ಅಳು ನಿಲ್ಲುವ ಮೊದಲೇ ಇನ್ನೊಂದು ವಿಚಾರ ಬಂತು. ಆ ಕಾಲದ ನಮ್ಮ ಟೀವಿಗಳಿಗೆ ಅಮೆರಿಕದ ಬಣ್ಣ ಹಿಡಿಯುತ್ತಲೇ ಇರಲಿಲ್ಲ. ಬಣ್ಣದ ಟೀವಿಯಿದ್ದರೂ ಅಷ್ಟೇ. ಅಂದರೆ ಅವಳು ಸುಳ್ಳು ಹೇಳಿದ್ದಳು! ಖುಷಿ ತಡೆಯಲಾಗಲಿಲ್ಲ. ಕೂಡಲೇ ಔರಾದಿಗೆ ಫೋನ್ ಹಚ್ಚಿದೆ.

"ಖರೇ ಹೇಳು, ಆವತ್ತ ನೀ ಬಣ್ಣ ನೋಡಿದ್ದಿ?"

ಅವಳು ಗೊಳ್ಳೆಂದು ನಕ್ಕಳು. "ಎಲ್ಲಿ ಬಣ್ಣವಾ! ನಮ್ಮ ಟೀವಿದಾಗನೂ ಬೂದಿ ಬಳದಂಗ ಇತ್ತು."

"ಮತ್ತ ನವಿಲ ಕುಣದಂಗ ಅಂದಿದ್ದಿ?"

"ಕಾಕೂ ಹೇಳ್ತಿದ್ರಲ್ಲ. ನನ್ನ ಕೈಬೆರಳು ಹಿಡದು ಟೀವಿ ಮ್ಯಾಲ ಇಟ್ಟು, ಇಲ್ಲಿ ಕೆಂಪ ಅದ, ಇಲ್ಲಿ ಹಸರ ಅದ, ಈ ಅಂಚಿಗಿ ಹಳದಿ ಅದ ಅಂತ ಒಂದೊಂದೇ ತೋರಸ್ತಿದ್ರು. ಕೇಳಕೋತ ಕುಂತ್ರ ನನಗ ಖರೇನೇ ಕಂಡಂಗ ಆಗ್ತಿತ್ತು."

ನನ್ನ ಮುಂದಿನ ಪರದೆ ನೋಡಿದೆ. ಕೆಂಪು, ಹಸಿರು, ಹಳದಿ. ಅವಳು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳೋಣವೆಂದರೆ ಕಾಕೂ ಇಲ್ಲ.

"ನೀ ದಿನಾ ಅವರ ಬಾಜೂಕೇ ಕೂಡ್ತಿದ್ದಿ. ನಿನಗೂ ಹೇಳಿರಬೇಕಲ್ಲ?" ಅವಳು ಕೇಳಿದಳು.

"ಹೇಳ್ತಿದ್ರು" ಎಂದೆ. "ನನಗ ಮೊದಲ ಹೇಳ್ತಿದ್ರು."