ನದಿಯ ಮುಂದೆ ಕೈಮುಗಿದ ಮಂತ್ರಿ

ಕೊಲ್ಲಿ ನಾಡಿನ ಅಲ್ ಕುಸೈಸ್‌ನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಸಂಘದ ನಾಟಕದಲ್ಲಿ ನನಗೆ ಪಾತ್ರ ನಿರಾಕರಿಸಿದ ರೀತಿಯನ್ನು ನಾನು ಮರೆತಿಲ್ಲ. "ನಿಮಗೆ ವಯಸ್ಸಾಯ್ತಲ್ಲ ಮಾರಾಯ್ರೆ, ಎದುರಿನ ಸೋಫಾದಲ್ಲಿ ಕೂತ್ಕೊಳ್ಳಿ, ಶಾಲು ಹೊದಿಸುವಾ" ಎಂದಿದ್ದರು. ಹೇಳಿದ್ದು ತುಂಬಿದ ಸಭೆಯಲ್ಲಿ; ಹೇಳುವಾಗ ಅವರ ಬಾಯಲ್ಲಿದ್ದದ್ದು ನನ್ನ ಮನೆಯಾಕೆ ಕರಿದು ಕಳುಹಿಸಿದ್ದ ಗೋಳಿಬಜೆ.

ನಾಟಕ ಬರೆದವರು ಜೆಬೆಲ್ ಅಲಿಯ ಗೋದಾಮಿನಲ್ಲಿ ನನ್ನೊಂದಿಗೆ ದುಡಿದ ಘಾನಾದ ಗೆಳೆಯರೊಬ್ಬರು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನು. ಅದರ ಕಥೆ ಇಷ್ಟು: ಬಿಳಿಯರು ಬಿಟ್ಟುಹೋದ ಕುರ್ಚಿಯಲ್ಲಿ ಕುಳಿತ ಮಂತ್ರಿಯೊಬ್ಬ ಊರಿನ ನದಿಯನ್ನು ಪರದೇಶದ ಕಂಪನಿಗೆ ಮಾರುತ್ತಾನೆ. ನದಿಯ ಅಧಿದೇವತೆ ಮುದುಕಿಯ ರೂಪದಲ್ಲಿ ಅವನ ಕಚೇರಿಗೇ ಬಂದು ವಿಚಾರಿಸುತ್ತಾಳೆ. ಮಂತ್ರಿಯ ಪಾತ್ರವನ್ನು ಕಾರ್ಯದರ್ಶಿ ತಾವೇ ಇಟ್ಟುಕೊಂಡಿದ್ದರು. ನನಗೆ ಬೇಕಿದ್ದದ್ದು ಮುದುಕಿಯ ಪಾತ್ರ. "ನಮ್ಮಲ್ಲಿ ನದಿಯ ವೇಷ ಹಿರಿಯರದ್ದೇ" ಎಂದು ಗೆಳೆಯರು ಪಟ್ಟು ಹಿಡಿದದ್ದರಿಂದ ಅದು ದಕ್ಕಿತು.

"ಆಯ್ತು. ಜನ ಎದ್ದು ಊಟಕ್ಕೆ ಹೋದ್ರೆ ನನ್ನನ್ನು ಕೇಳ್ಬೇಡಿ" ಎಂದರು ಕಾರ್ಯದರ್ಶಿ. ಅದನ್ನೂ ಮರೆತಿಲ್ಲ.

ಪ್ರದರ್ಶನದ ಸಂಜೆ ನೀಲಿ ಸೀರೆಯುಟ್ಟು ರಂಗಕ್ಕೆ ಬಂದೆ. ದೈವದ ವೇಷವನ್ನಾಗಲಿ ಬಣ್ಣವನ್ನಾಗಲಿ ನಾನು ಅನುಕರಿಸಲಿಲ್ಲ; ಈ ವಿಷಯ ಸ್ಪಷ್ಟವಾಗಿರಲಿ. ಆದರೆ "ನನ್ನನ್ನು ಮಾರಲು ನಿನಗೆ ಅಪ್ಪಣೆ ಕೊಟ್ಟವರಾರು?" ಎಂದು ಎಳೆದೆಳೆದು ಕೇಳಿದಾಗ ಆ ರಾಗ ನಮ್ಮೂರಲ್ಲಿ ದೈವ ನುಡಿಯುವ ಕೋಲದ ಅಂಗಳದ್ದೇ ಆಗಿಬಿಟ್ಟಿತು. ಮುಂದಿನ ಸಾಲಿನ ಹೆಂಗಸರು ಚಪ್ಪಲಿ ಕಳಚಿದರು. ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದ ಮಕ್ಕಳ ಬಾಯಿ ಮುಚ್ಚಿಸಿದರು.

ಇಲ್ಲಿ ಮಂತ್ರಿ ಸುಳ್ಳು ಹೇಳಬೇಕಿತ್ತು: ನದಿ ಎಂಬುದು ಎಂದೂ ಇರಲಿಲ್ಲ, ಅದು ವಿರೋಧಪಕ್ಷದ ವದಂತಿ ಎಂದು. ಆದರೆ ಕಾರ್ಯದರ್ಶಿಯವರದ್ದು ಚಿಕ್ಕಂದಿನಿಂದ ಕೋಲ ಕಂಡ ಉಡುಪಿಯ ಜೀವ. ಸೂಟು, ಟೈ ಸಮೇತ ಬಾಗಿ, ಕೈಮುಗಿದು, "ತಪ್ಪಾಯ್ತು, ಬರುವ ವರ್ಷ ಎಲ್ಲ ಸರಿ ಮಾಡ್ತೇವೆ" ಎಂದುಬಿಟ್ಟರು.

"ಖಲಾಸ್! ಸಂಘದ ಮಹಾಸಭೆಯಲ್ಲೂ ಇದನ್ನೇ ಹೇಳಿದ್ದಲ್ವಾ ಮಾರಾಯ!" ಎಂದು ಪಕ್ಕದ ಅಲ್ ನಹ್ದಾದ ಬ್ಯಾರಿ ಗೆಳೆಯರೊಬ್ಬರು ಹಿಂದಿನಿಂದ ಕೂಗಿದರು. ಸಭಾಂಗಣವೆಲ್ಲ ನಗೆ. ನದಿಯಾಗಿದ್ದ ನಾನೂ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕೆ. ಊಟಕ್ಕೆ ಒಬ್ಬರೂ ಏಳಲಿಲ್ಲ.

ನಡೆದದ್ದನ್ನು ಕನ್ನಡ ಬಾರದ ಘಾನಾದ ಗೆಳೆಯರಿಗೆ ವಿವರಿಸಿದೆ. "ನನ್ನ ಮಂತ್ರಿಗೆ ಸುಳ್ಳು ಮಾತ್ರ ಗೊತ್ತಿತ್ತು. ಇವನು ಕ್ಷಮೆ ಕೇಳಿಯೇ ಪಾರಾಗುತ್ತಾನೆ; ನಮ್ಮ ದೇಶದಲ್ಲಿ ಗೆಲ್ಲುವವನು ಇವನೇ!" ಎಂದು ಚಪ್ಪಾಳೆ ತಟ್ಟಿ, ಮೂಲ ನಾಟಕವನ್ನು ಅಲ್ಲಿಯೇ ತಿದ್ದಿದರು.

"ತಪ್ಪಾಯ್ತು ಅಂದದ್ದು ನದಿಗೆ ಮಾರಾಯ್ರೆ, ನಿಮಗಲ್ಲ" ಎಂದು ಕಾರ್ಯದರ್ಶಿ ಇಂದಿಗೂ ವಾದಿಸುತ್ತಾರೆ. ರಂಗದ ಮೇಲೆ ಬೇರೆ ಯಾರೂ ಇರಲಿಲ್ಲ. ನಾನಂತೂ ಅದನ್ನು ಸಂತೋಷದಿಂದ ಸ್ವೀಕರಿಸಿದ್ದೇನೆ.