ಹಬ್ಬಕ್ಕೆ ತೊಳೆದ ಸ್ಟೋರು

ನಾನು ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಎಂದಾಗ ವರ್ತೂರಿನ ನಮ್ಮ ಮನೆ ಮಾಲೀಕರು, "ಒಳ್ಳೇದಾಯ್ತು ಸಾರ್, ಕೆರೆ ಪಕ್ಕ ನಂದೊಂದ್ ಸೈಟೈತೆ, ಒಂದ್ ಪ್ಲಾನ್ ಹಾಕ್ಕೊಡಿ" ಅಂದಿದ್ದರು. ನಾನು ಬರೆಯುವುದು ಮನೆಯ ನಕ್ಷೆಯಲ್ಲ, ಕಂಪನಿಯದು ಎಂದು ವಿವರಿಸಿದೆ. ಯಾವ ವಿಭಾಗ ಏನು ಕೆಲಸ ಮಾಡುತ್ತದೆ, ಅದಕ್ಕೆ ಯಾವ ಸಾಫ್ಟ್‌ವೇರ್ ಬಳಸುತ್ತದೆ, ಒಂದನ್ನು ಕಿತ್ತರೆ ಇನ್ನೆಲ್ಲಿ ಏನು ನಿಲ್ಲುತ್ತದೆ, ಇಷ್ಟೂ ಒಂದೇ ಹಾಳೆಯಲ್ಲಿ ಕಾಣಬೇಕು. ಅವರು ಸ್ವಲ್ಪ ಯೋಚಿಸಿ, "ಅಂದ್ರೆ, ಕಟ್ಟೋರು ಬೇರೆಯವ್ರು?" ಅಂದರು. ಹೌದು. ಕಟ್ಟುವವರು ಬೇರೆ, ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುವವರು ಇನ್ನೂ ಬೇರೆ.

ನಾನು ಸರ್ಕಾರಿ ಕಾರ್ಖಾನೆಯಲ್ಲಿ ಪಳಗಿದವನು. ಸೈರನ್ ಕೂಗುವ ಮೊದಲು ಗೇಟಿನೊಳಗಿರಬೇಕು, ಸಂಜೆ ಪ್ರತಿ ಸ್ಪ್ಯಾನರ್ ತನ್ನ ಮೊಳೆಗೆ ಮರಳಬೇಕು. ಅಲ್ಲಿಂದ ಸ್ವಯಂ ನಿವೃತ್ತಿ ಪಡೆದು ಪಂಪು ತಯಾರಿಸುವ ಒಂದು ಖಾಸಗಿ ಕಂಪನಿಗೆ ಸೇರಿದೆ. ಇಲ್ಲಿನ ಕಾರ್ಖಾನೆ ಪೀಣ್ಯದಲ್ಲಿ, ಮುಖ್ಯ ಕಚೇರಿ ವೈಟ್‌ಫೀಲ್ಡ್‌ನಲ್ಲಿ. ಎರಡರ ನಡುವೆ ಇಡೀ ಬೆಂಗಳೂರು. ವರ್ಷಗಟ್ಟಲೆ ನಕ್ಷೆ ಬರೆದೆ. ಆಡಿಟ್‌ನವರು ಬಂದಾಗ ಮಾತ್ರ ಅದನ್ನು ಹೊರತೆಗೆಯುತ್ತಿದ್ದರು.

ನಂತರ ಹೊಸ ತಂತ್ರಜ್ಞಾನ ಮುಖ್ಯಸ್ಥರು ಬಂದರು. ನನಗಿಂತ ಬಹಳ ಚಿಕ್ಕವರು, ವಿನಯವಂತರು. "ಇನ್ಮೇಲೆ ಆರ್ಕಿಟೆಕ್ಚರ್ ಅಂದ್ರೆ ಡ್ರಾಯಿಂಗ್ ಅಲ್ಲ ಸಾರ್, ಲೀಡರ್‌ಶಿಪ್. ನೀವು ನಮ್ ಜೊತೇಲೇ ಕೂತ್ಕೋಬೇಕು" ಅಂದರು. ಕಂಪನಿ ನಡೆಸುವವರ ಮೀಟಿಂಗಿನಲ್ಲಿ ನನಗೊಂದು ಕುರ್ಚಿ ಸಿಕ್ಕಿತು. ಇಷ್ಟು ದಿನ ತಪ್ಪುಗಳಾದದ್ದು ನಮ್ಮಂಥವರು ಆ ಕೋಣೆಯಲ್ಲಿ ಇಲ್ಲದ್ದರಿಂದ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಕೂತ ಮೊದಲ ಮೀಟಿಂಗಿನಲ್ಲೇ ವಿಷಯ ಸ್ಪಷ್ಟವಾಯಿತು. ಎಲ್ಲ ಕಾರ್ಖಾನೆಗಳಿಗೂ ಒಂದೇ ಕಂಪ್ಯೂಟರ್ ಸಿಸ್ಟಮ್. ಹೊರ ರಾಜ್ಯದ ನಮ್ಮ ಇನ್ನೊಂದು ಕಾರ್ಖಾನೆ ಆಗಲೇ ಬದಲಾಗಿತ್ತು. ಪೀಣ್ಯದವರು ಬದಲಾವಣೆಯಲ್ಲಿ ಎಡವಿದರೆ ಅವರ ಕೆಲಸವೆಲ್ಲ ಅಲ್ಲಿಗೆ ಹೋಗುತ್ತದೆ, ಪೀಣ್ಯ ಮುಚ್ಚುತ್ತದೆ. ಬದಲಾವಣೆಗೆ ಆರಿಸಿದ್ದು ಆಯುಧಪೂಜೆಯ ರಜೆ. ಹೇಗೂ ಮೆಷಿನ್‌ಗಳು ನಿಂತಿರುತ್ತವಲ್ಲ.

ಹಳೆಯ ಸಿಸ್ಟಮ್ಮಿಗೆ ಸ್ಟೋರಿನಲ್ಲಿ ಯಾವ ಬಿಡಿಭಾಗ ಎಷ್ಟಿದೆ ಎಂಬುದಷ್ಟೇ ಗೊತ್ತಿತ್ತು. ಎಲ್ಲಿದೆ ಎಂಬುದು ಸ್ಟೋರಿನವರ ತಲೆಯಲ್ಲಿತ್ತು. ಹೊಸದಕ್ಕೆ ಪ್ರತಿ ಟ್ರೇಗೂ ವಿಳಾಸ ಬೇಕು: ಯಾವ ರ‍್ಯಾಕು, ಎಷ್ಟನೆಯ ಸಾಲು. ಆ ವಿಳಾಸಗಳನ್ನು ಹಬ್ಬಕ್ಕೆ ವಾರದ ಮುಂಚೆ ಸ್ಕ್ಯಾನ್ ಮಾಡಿ ತುಂಬುವುದೆಂದು ನಿಶ್ಚಯವಾಯಿತು.

ನಾನು ಎದ್ದು ಹೇಳಿದೆ: "ಪೂಜೆಗೆ ಮೊದಲು ಇಡೀ ಸ್ಟೋರ್ ಹೊರಗೆ ತೆಗೆದು ತೊಳೀತಾರೆ, ಮತ್ತೆ ಇಡೋವಾಗ ಜಾಗ ಬದಲಾಗುತ್ತೆ. ಸ್ಕ್ಯಾನಿಂಗ್ ಹಬ್ಬ ಆದ್ಮೇಲೆ ಇಟ್ಕೊಳ್ಳಿ."

"ಈ ಸಲ ತೊಳೀಬೇಡಿ ಅಂತ ಒಂದು ಮೇಲ್ ಹಾಕಿದ್ರೆ ಆಯ್ತಲ್ಲ ಸಾರ್" ಅಂದರು ಮುಖ್ಯಸ್ಥರು. ಯಾರೋ ನಕ್ಕರು. ನಾನು ಮತ್ತೆ ಹೇಳಿದೆ. ದಿನಾಂಕ ಬದಲಾಗಲಿಲ್ಲ. ಸ್ಕ್ಯಾನಿಂಗ್ ಮುಗಿಯಿತು, ಇಂಗ್ಲಿಷಿನಲ್ಲಿ ಮೇಲ್ ಹೋಯಿತು.

ಹಬ್ಬ ಮುಗಿದು ಬಾಗಿಲು ತೆಗೆದ ಬೆಳಿಗ್ಗೆ ನಾನು ಪೀಣ್ಯದಲ್ಲಿದ್ದೆ. ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ಬಾಡಿತ್ತು. ಸ್ಟೋರ್ ಇನ್‌ಚಾರ್ಜ್ ಮಾಕಳಿಯ ಒಕ್ಕಲು ಮನೆತನದವರು, ನನಗಿಂತ ನಾಲ್ಕಾರು ವರ್ಷ ಚಿಕ್ಕವರು. ಕೈ ಹಿಡಿದು ಒಳಗೆ ಕರೆದೊಯ್ದರು. ರ‍್ಯಾಕ್‌ಗಳಿಗೆಲ್ಲ ಹೊಸ ನೀಲಿ ಬಣ್ಣ. ಟ್ರೇಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಹಣೆಗೂ ಅರಿಶಿನ ಕುಂಕುಮ. ಹಳೆಯ ಕಾರ್ಖಾನೆಯ ಶಿಸ್ತು ಕಂಡ ನನ್ನ ಕಣ್ಣಿಗೂ ಅಷ್ಟು ಚೊಕ್ಕಟವಾದ ಸ್ಟೋರು ಬಿದ್ದಿರಲಿಲ್ಲ.

"ಒಸಾ ಸಿಸ್ಟಮ್ ಬತ್ತೈತೆ ಅಂದ್ರಲ್ಲ ಸಾರ್, ಅದ್ಕೇ ಈ ಸಲ ಪೇಂಟೂ ಒಡ್ಸಿದ್ವಿ. ಎಂಗದೆ?"

"ತೊಳೀಬೇಡಿ ಅಂತ ಮೇಲ್ ಬಂದಿತ್ತಲ್ಲ?"

"ಆಫೀಸಿಗ್ ಬಂದಿರ್ಬೋದು. ನಮಗ್ಯಾರ್ ಏಳ್ತಾರೆ?" ಎಂದು ನಕ್ಕರು. "ಏಳಿದ್ರೂ ಅಷ್ಟೇ ಬಿಡಿ. ಅಮ್ಮನ್ ಮುಂದೆ ಧೂಳಿಟ್ಟು ಪೂಜೆ ಮಾಡಾಕಾಯ್ತದಾ?"

ಮೊದಲ ಆರ್ಡರ್ ಬಂತು. ಪರದೆ ತೋರಿಸಿದ ರ‍್ಯಾಕಿನಲ್ಲಿ ಬೇರಿಂಗ್ ಇರಬೇಕಿತ್ತು, ಇದ್ದದ್ದು ರಬ್ಬರ್ ಸೀಲ್. ಎರಡನೆಯದೂ ಹಾಗೆಯೇ. ಮುಂಚೆಯಾಗಿದ್ದರೆ ಸ್ಟೋರಿನವರು ನೆನಪಿನಿಂದಲೇ ಹುಡುಕಿ ಕೊಡುತ್ತಿದ್ದರು. ಈಗ ಪರದೆ ಹೇಳಿದ ಜಾಗದಲ್ಲಿ ಸ್ಕ್ಯಾನ್ ಆಗದಿದ್ದರೆ ಸಿಸ್ಟಮ್ ಮುಂದಕ್ಕೇ ಹೋಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೋಡಣೆ ವಿಭಾಗ ನಿಂತಿತು. ಆ ವಾರ ಹೊರಡಬೇಕಿದ್ದ ಪಂಪುಗಳು ಹೊರಡಲಿಲ್ಲ. ಬಹು ಕಾಲದ ಗಿರಾಕಿಯೊಬ್ಬರು ಆರ್ಡರ್ ವಾಪಸ್ ಪಡೆದರು.

ವೈಟ್‌ಫೀಲ್ಡ್‌ನಲ್ಲಿ ಮೀಟಿಂಗ್ ಕರೆದರು. ಮೊದಲಿನಿಂದ ಸ್ಕ್ಯಾನ್ ಮಾಡಲು ಸ್ವಲ್ಪ ದಿನ ಕೊಡಿ, ಸಿಸ್ಟಮ್ ಸರಿಯಿದೆ, ಜನರೂ ಸರಿಯಿದ್ದಾರೆ, ದಿನ ಆರಿಸಿದ್ದೊಂದೇ ತಪ್ಪು ಎಂದೆ. ಯಾರೂ ಅಡ್ಡ ಮಾತಾಡಲಿಲ್ಲ. ಎಲ್ಲರೂ ತಲೆಯಾಡಿಸಿದರು. ಸ್ಕ್ಯಾನ್ ಮಾಡಿಸಿ ಎಂದರು. ನಾನು ಆ ಮಧ್ಯಾಹ್ನವೇ ಪೀಣ್ಯಕ್ಕೆ ಫೋನ್ ಮಾಡಿ ಕೆಲಸ ಶುರು ಮಾಡಿಸಿದೆ. ಸ್ಟೋರಿನವರು ಭಾನುವಾರವೂ ಬಂದು ದುಡಿದರು.

ಅದು ಮುಗಿಯುತ್ತ ಬಂದಾಗ ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದರು. "ಪೀಣ್ಯ ಕ್ಲೋಸ್ ಮಾಡೋದು ಡಿಸೈಡ್ ಆಗಿದೆ ಸಾರ್. ಆವತ್ತೇ ಆಗಿತ್ತು."

"ಆವತ್ತು ಎಲ್ಲರೂ ತಲೆಯಾಡ್ಸಿದ್ರಲ್ಲ?"

"ನೀವ್ ಹೇಳಿದ್ದು ಎಲ್ಲರಿಗೂ ಕರೆಕ್ಟ್ ಅನ್ಸ್ತು. ರೀಸ್ಕ್ಯಾನ್ ಬೇಕೇ ಬೇಕಿತ್ತು. ಲೆಕ್ಕ ಕರೆಕ್ಟಾಗಿಲ್ದೆ ಮಾಲು ಶಿಫ್ಟ್ ಮಾಡೋಕಾಗಲ್ಲ."

ಅವರು ಅದನ್ನು ಮೆಚ್ಚುಗೆಯಾಗಿಯೇ ಹೇಳಿದರು. ನಿಮ್ಮಂಥವರು ಇರಬೇಕಾದ್ದೇ ಇದಕ್ಕೆ ಎಂದರು. ಆ ಕೋಣೆಯ ಹೊರಗೆ ಕೂತು ನಕ್ಷೆ ಬರೆಯುತ್ತಿದ್ದಾಗ ನನ್ನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ, ಆದ್ದರಿಂದ ಯಾರ ಕೆಲಸಕ್ಕೂ ಬರುತ್ತಿರಲಿಲ್ಲ. ಈಗ ಬಂತು.

ಪೀಣ್ಯದವರಿಗೆ ನಾನೇ ಹೇಳಬೇಕೆಂದು ಮೆಟ್ರೋ ಹಿಡಿದೆ. ಸ್ಟೋರಿನ ಬಾಗಿಲಲ್ಲಿ ಇನ್‌ಚಾರ್ಜ್ ಸ್ಕ್ಯಾನರ್ ಹಿಡಿದು ಕಾಯುತ್ತಿದ್ದರು.

"ಬನ್ನಿ ಸಾರ್, ನೀವೇ ಒಂದ್ ಐಟಮ್ ಏಳಿ. ಯಾವ್ದಾದ್ರೂ ಸರಿ."

ಹೇಳಿದೆ. ನೇರ ಹೋಗಿ ಟ್ರೇಗೆ ಹಿಡಿದರು. ಪೀ ಎಂದಿತು, ಪರದೆಯಲ್ಲಿ ಹಸಿರು ಬಂತು.

"ಇನ್ನೊಂದ್ ಏಳಿ."

ಅದೂ ಹಸಿರು.

"ಒಂದೂ ತಪ್ಪಿಲ್ಲ ಸಾರ್. ಮೇಲ್ನೋರ್ಗೆ ಏಳಿ. ನೀವು ಅವ್ರ ಜೊತೇಲೇ ಕುಂತ್ಕೊಳ್ತೀರಲ್ಲ, ನಿಮ್ಮಾತ್ ಕೇಳ್ತಾರೆ."

"ಕೇಳಿದ್ರು" ಅಂದೆ. ಅವರ ಮುಖ ಅರಳಿತು. ಉಳಿದದ್ದನ್ನು ಆಮೇಲೆ ಹೇಳಿದೆ.

ಅವರು ಸ್ಕ್ಯಾನರ್ ಆಫ್ ಮಾಡಿ ಮೇಜಿನ ಮೇಲಿಟ್ಟರು. ಲಾರಿ ಯಾವಾಗ ಬರುತ್ತದೆ ಎಂದಷ್ಟೇ ಕೇಳಿದರು. ಸೋಮವಾರ ಎಂದೆ. ಯಾವ ರ‍್ಯಾಕ್ ಮೊದಲು ಎಂದರು. ನನ್ನ ಬಳಿ ಅದಕ್ಕೂ ಉತ್ತರವಿತ್ತು.